ಕ್ರಿಸ್‌ಮಸ್ ಖರೀದಿ ಕಡಿಮೆ ಮಾಡುವವರಿಗೊಂದು ಸಲಹೆ

ಉಡುಗೊರೆಗಳನ್ನು ಕಡಿಮೆ ಮಾಡಿ ಆ ಹಣವನ್ನು ದಾನಕ್ಕೆ ಕೊಡಬೇಕೆಂದುಕೊಂಡವರು ಮನೆಯವರಿಗೆ ನವೆಂಬರ್‌ನಲ್ಲಿಯೇ ಹೇಳಿಬಿಡಿ. ಡಿಸೆಂಬರ್ 20ಕ್ಕೆ ಹೇಳಿದರೆ ಅಷ್ಟರಲ್ಲಿ ಎಲ್ಲರ ಖರೀದಿ ಮುಗಿದಿರುತ್ತದೆ; ನೀವು ಬರಿಗೈಯಲ್ಲಿ ನಿಂತು ಜಿಪುಣರೆನಿಸಿಕೊಳ್ಳುತ್ತೀರಿ. ನನಗೆ ಆದದ್ದು ಅದೇ.

ದೊಡ್ಡವರು ಚೀಟಿ ಎತ್ತಿ, ತಮ್ಮ ಪಾಲಿಗೆ ಬಂದ ಒಬ್ಬರಿಗೆ ಮಾತ್ರ ಉಡುಗೊರೆ ಕೊಟ್ಟರೆ ಸಾಕು. ಮಕ್ಕಳ ಪಾಲಿಗೆ ಮಾತ್ರ ಕೈ ಹಾಕಬೇಡಿ. ಅವರ ಆಟಿಕೆ ಕಿತ್ತುಕೊಂಡು ಮಾಡುವ ದಾನದಲ್ಲಿ ನನಗೆ ನಂಬಿಕೆಯಿಲ್ಲ. ಉಳಿದ ಹಣವನ್ನು ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ನಾಲ್ಕು ಭಾನುವಾರಗಳಂದು ಒಂದು ಲಕೋಟೆಗೆ ಹಾಕುತ್ತಾ ಬನ್ನಿ. ಯಾರಿಗೆ ಕೊಡಬೇಕೆಂಬ ಮಾತು ಊಟದ ಹೊತ್ತಿಗೆ ತಾನಾಗಿಯೇ ಬರುತ್ತದೆ.

ಇದೇನೂ ಹೊಸ ಆಲೋಚನೆಯಲ್ಲ. 2006ರಲ್ಲಿ ಅಮೆರಿಕದ ಕೆಲವು ಪಾದ್ರಿಗಳು ‘ಅಡ್ವೆಂಟ್ ಕಾನ್‌ಸ್ಪಿರಸಿ’ ಎಂಬ ಆಂದೋಲನ ಆರಂಭಿಸಿ, ತಮ್ಮ ಚರ್ಚಿನ ಸಭೆಯವರು ಹಬ್ಬದ ಖರ್ಚಿನಲ್ಲಿ ಉಳಿಸಿದ ಹಣವನ್ನು ಶುದ್ಧ ಕುಡಿಯುವ ನೀರಿನ ಯೋಜನೆಗಳಿಗೂ ತಿರುಗಿಸಿದರು. ಇನ್ನು ಸಾಂಟಾ ಕ್ಲಾಸ್‌ನ ಮೂಲಪುರುಷ, 4ನೇ ಶತಮಾನದ ಮೈರಾದ (ಇಂದಿನ ಟರ್ಕಿಯಲ್ಲಿದ್ದ ಊರು) ಸಂತ ನಿಕೋಲಸ್, ಬಡವನೊಬ್ಬನ ಮೂವರು ಹೆಣ್ಣುಮಕ್ಕಳಿಗೆ ರಾತ್ರಿ ಗುಟ್ಟಾಗಿ ಚಿನ್ನದ ಗಂಟು ಎಸೆದು ಹೋದನೆಂದು ಐತಿಹ್ಯ. ಅವನ ಹೆಸರಿನಲ್ಲಿ ಅಂಗಡಿ ತುಂಬಿರುವುದು ತಮಾಷೆಯೇ!

ಕೊಡುವ ಮುನ್ನ ಸಂಸ್ಥೆಗೆ ಏನು ಬೇಕೆಂದು ಕೇಳಿ. ಕೇಳದೆ ಕಳಿಸಿದ ಹಳೆಯ ಬಟ್ಟೆಯ ಮೂಟೆಯನ್ನು ವಿಂಗಡಿಸುವುದೇ ಅವರಿಗೊಂದು ಕೆಲಸವಾಗುತ್ತದೆ. ಹೆಚ್ಚಿನ ಸಲ ನಗದೇ ಅನುಕೂಲ. ಸಾಧ್ಯವಾದರೆ ಅರ್ಧ ಹಣವನ್ನು ಫೆಬ್ರುವರಿಗೆ ಎತ್ತಿಡಿ. ಹಬ್ಬದ ಉತ್ಸಾಹ ಇಳಿದ ಮೇಲೆ ಅವರ ಬಾಗಿಲು ತಟ್ಟುವವರು ಕಡಿಮೆ.