ಬ್ಯಾಟರಿ ಪರ್ಸೆಂಟ್ ಲೆಕ್ಕ ಡ್ರೈವರ್ ಒಳಗೆ ಹಾಕಬೇಕಾ, ಹೊರಗಾ?

ಲಿನಕ್ಸ್ ಓಡಿಸುವ ಪುಟ್ಟ ಬೋರ್ಡಿಗೆ ಲಿಥಿಯಂ ಸೆಲ್ ಜೋಡಿಸಿದವರಿಗೆಲ್ಲ ಸ್ವಲ್ಪ ದಿನಕ್ಕೇ ಈ ಪ್ರಶ್ನೆ ಎದುರಾಗುತ್ತದೆ. ಸ್ಕ್ರೀನ್ ಮೂಲೆಯಲ್ಲಿ ಕಾಣುವ ಆ ಪರ್ಸೆಂಟನ್ನು ಯಾರು ಲೆಕ್ಕ ಹಾಕಬೇಕು? ಲಿನಕ್ಸಿನ ತಿರುಳಾದ ಕರ್ನಲ್ ಒಳಗಿದ್ದು ಹಾರ್ಡ್‌ವೇರ್ ಜೊತೆ ಮಾತಾಡುವ ಡ್ರೈವರಾ, ಮೇಲೆ ಓಡುವ ನಮ್ಮ ಪ್ರೋಗ್ರಾಮಾ? ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಅಳೆದದ್ದನ್ನು ಡ್ರೈವರ್ ಹೇಳಲಿ, ಊಹೆ ಮಾಡುವ ಕೆಲಸ ಹೊರಗಿರಲಿ. ಇದಕ್ಕೆ ಒಂದು ಸಣ್ಣ ವಿನಾಯಿತಿ ಇದೆ, ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಬೋರ್ಡಿನಲ್ಲಿ ಯಾವ ಚಿಪ್ ಇದೆ ನೋಡಿಕೊಳ್ಳಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಲ್ಯಾಪ್‌ಟಾಪ್ ಆದರೆ ತಲೆಬಿಸಿಯೇ ಇಲ್ಲ. ಉಳಿದ ಚಾರ್ಜ್ ಎಷ್ಟು, ಕಳೆದ ಸಲ ಫುಲ್ ಆದಾಗ ಎಷ್ಟಿತ್ತು ಅಂತ ಅದರೊಳಗಿನ ಫರ್ಮ್‌ವೇರ್ ಎಸಿಪಿಐ (ಫರ್ಮ್‌ವೇರ್ ಮತ್ತು ಆಪರೇಟಿಂಗ್ ಸಿಸ್ಟಮ್ ಮಾತಾಡಿಕೊಳ್ಳುವ ಒಂದು ಮಾನಕ) ಮೂಲಕ ಕೊಡುತ್ತದೆ. ಡ್ರೈವರ್ ಒಂದನ್ನು ಇನ್ನೊಂದರಿಂದ ಭಾಗಿಸಿ ನೂರರಿಂದ ಗುಣಿಸುತ್ತದೆ, ಅಷ್ಟೇ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಬಿಕ್ಯೂ27 ಸರಣಿಯಂಥ ಫ್ಯೂಯಲ್ ಗೇಜ್ ಚಿಪ್, ಅಂದರೆ ಉಳಿದ ಚಾರ್ಜ್ ಅಳೆಯುವುದಕ್ಕೇ ಇರುವ ಚಿಪ್, ಇದ್ದರೂ ಹೆಚ್ಚುಕಮ್ಮಿ ಅದೇ ಕಥೆ. ಸೆಲ್ಲಿನಿಂದ ಹೋಗುವ ಬರುವ ಕರೆಂಟನ್ನೆಲ್ಲ ಚಿಪ್ಪೇ ಕೂಡಿ ಕಳೆದು ಇಟ್ಟುಕೊಂಡಿರುತ್ತದೆ, ಬೋರ್ಡ್ ನಿದ್ದೆಯಲ್ಲಿದ್ದಾಗಲೂ. ನೀವು ಓದಿ ಹೇಳಿದರೆ ಸಾಕು.

ಇಲ್ಲಿ ಒಂದು ವಿಷಯ ಗಮನಿಸಿ. 2009ರ ನೋಕಿಯಾ ಎನ್900 ಫೋನಿನಲ್ಲಿ ಬಿಕ್ಯೂ27200 ಗೇಜ್ ಇತ್ತು. ಅದು ಕ್ಯಾಲಿಬ್ರೇಟ್ ಆಗಿಲ್ಲದಿದ್ದರೆ, ಅಂದರೆ ಸೆಲ್ಲಿಗೆ ತಕ್ಕಂತೆ ಲೆಕ್ಕ ಸರಿಹೊಂದಿಸಿಕೊಂಡಿಲ್ಲದಿದ್ದರೆ, ಲಿನಕ್ಸ್ ಡ್ರೈವರ್ ಸುಮ್ನೆ ಒಂದು ಅಂಕಿ ಉದುರಿಸುವುದಿಲ್ಲ. ಬ್ಯಾಟರಿ ಕ್ಯಾಲಿಬ್ರೇಟ್ ಆಗಿಲ್ಲ, ಕೆಪಾಸಿಟಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ ಅಂತ ಲಾಗಿನಲ್ಲಿ ಬರೆದು, ಪರ್ಸೆಂಟ್ ಕೇಳಿದವರಿಗೆ 'ನೋ ಡೇಟಾ' ಎರರ್ ಕೊಡುತ್ತದೆ. ನೀವೂ ಹೀಗೇ ಮಾಡಿ. ಗೊತ್ತಿಲ್ಲದಾಗ 50 ಅಂತ ಕೊಡುವ ಡ್ರೈವರ್ ಇದೆಯಲ್ಲ, ಅದರಷ್ಟು ಕಿರಿಕಿರಿಯ ವಸ್ತು ಬೇರೆ ಇಲ್ಲ. ಮೇಲಿನ ಪ್ರೋಗ್ರಾಮಿಗೆ ಅದು ನಿಜವಾದ 50 ಅಲ್ಲ ಅಂತ ತಿಳಿಯುವುದಾದರೂ ಹೇಗೆ?

ಇನ್ನು ಕಷ್ಟದ ಕೇಸ್. ಗೇಜ್ ಇಲ್ಲ, ವೋಲ್ಟೇಜನ್ನು ಅಂಕಿಯಾಗಿ ಓದಿಕೊಡುವ ಬರೀ ಎಡಿಸಿ ಇದೆ, ವೋಲ್ಟೇಜ್ ಮಾತ್ರ ಸಿಗುತ್ತದೆ. ಕರೆಂಟ್ ಕೂಡ ಸಿಕ್ಕರೆ ಅದೃಷ್ಟ. ಆಗ ಎಲ್ಲರೂ ಮಾಡುವ ಮೊದಲ ಕೆಲಸ, 4.2 ವೋಲ್ಟ್ ಅಂದರೆ ನೂರು, 3.0 ಅಂದರೆ ಸೊನ್ನೆ, ನಡುವೆ ಒಂದು ಗೆರೆ ಎಳೆಯುವುದು. ಇದು ಕೆಲಸ ಮಾಡುವುದಿಲ್ಲ. ಲಿಥಿಯಂ ಸೆಲ್ಲಿನ ವೋಲ್ಟೇಜ್ ಹಾಗೆ ನೇರವಾಗಿ ಇಳಿಯುವುದಿಲ್ಲ. ನಡುವೆ ತುಂಬಾ ಹೊತ್ತು ಚಪ್ಪಟೆಯಾಗಿ ಸಾಗಿ ಕೊನೆಯಲ್ಲಿ ದಬಕ್ಕನೆ ಬೀಳುತ್ತದೆ.

ಬೇಕಾಗಿರುವುದು ಓಪನ್ ಸರ್ಕ್ಯೂಟ್ ವೋಲ್ಟೇಜ್, ಅಂದರೆ ಲೋಡ್ ಇಲ್ಲದೆ ಸೆಲ್ ಸುಧಾರಿಸಿಕೊಂಡಾಗ ಇರುವ ವೋಲ್ಟೇಜ್. ಲೋಡ್ ಇದ್ದಾಗ ಸೆಲ್ಲಿನ ಒಳಗಿನ ರೆಸಿಸ್ಟೆನ್ಸ್ ಒಂದಷ್ಟನ್ನು ನುಂಗುತ್ತದೆ. ಅದನ್ನು ವಾಪಸ್ ಕೂಡಿಸಬೇಕು. ರೆಸಿಸ್ಟೆನ್ಸ್ ಕಂಡುಹಿಡಿಯುವುದು ಸುಲಭ. 0.1 ಆಂಪ್ ಎಳೆಯುವಾಗ 3.86 ವೋಲ್ಟ್ ಇತ್ತು, ಲೋಡ್ ಏರಿಸಿ 1.1 ಆಂಪ್ ಮಾಡಿದ ತಕ್ಷಣ 3.71 ಆಯಿತು ಅಂದುಕೊಳ್ಳಿ. 1 ಆಂಪಿಗೆ 0.15 ವೋಲ್ಟ್ ಇಳಿದಿದೆ, ಅಂದರೆ 0.15 ಓಮ್. ಈಗ 1 ಆಂಪ್ ಹರಿಯುವಾಗ ಎಡಿಸಿ 3.62 ತೋರಿಸಿದರೆ ನಿಜವಾದ ಲೆಕ್ಕ 3.77. ಇಷ್ಟು ವೋಲ್ಟೇಜಿಗೆ ಇಷ್ಟು ಪರ್ಸೆಂಟ್ ಅಂತ ಹೇಳುವ, ಮಾಮೂಲಿ ಲಿಥಿಯಂ ಪಾಲಿಮರ್ ಸೆಲ್ಲಿನ ಟೇಬಲ್‌ನಲ್ಲಿ 3.77 ಅಂದರೆ ಸುಮಾರು 30 ಪರ್ಸೆಂಟ್. 3.62 ಅಂದರೆ 5ರ ಆಸುಪಾಸು. ಒಂದೇ ಸೆಲ್, ಒಂದೇ ಕ್ಷಣ, ಇಷ್ಟು ವ್ಯತ್ಯಾಸ! ಚಳಿಯಲ್ಲಿ ಆ ರೆಸಿಸ್ಟೆನ್ಸ್ ಇನ್ನೂ ಏರುತ್ತದೆ, ಸೆಲ್ ಹಳತಾದರೂ ಏರುತ್ತದೆ.

ಹಾರ್ಡ್‌ವೇರನ್ನೂ ಒಮ್ಮೆ ಅನುಮಾನದಿಂದ ನೋಡಿ. ಅದೇ ಟೇಬಲ್‌ನಲ್ಲಿ 3.77ರಿಂದ 3.80ಕ್ಕೆ ಹೋಗುವಷ್ಟರಲ್ಲಿ 10 ಪರ್ಸೆಂಟ್ ದಾಟಿರುತ್ತದೆ, ಅಂದರೆ ಬರೀ 30 ಮಿಲಿವೋಲ್ಟ್. ವೋಲ್ಟೇಜನ್ನು ಅರ್ಧ ಮಾಡಿ ಎಡಿಸಿಗೆ ಕೊಡಲು ಎರಡು ರೆಸಿಸ್ಟರ್ ಹಾಕಿರುತ್ತೀರಿ ಅಲ್ವಾ, ಅವು 1 ಪರ್ಸೆಂಟ್ ಟಾಲರೆನ್ಸಿನವು ಆಗಿ ಎರಡೂ ವಿರುದ್ಧ ದಿಕ್ಕಿಗೆ ವಾಲಿದ್ದರೆ 3.8 ವೋಲ್ಟಿಗೆ 38 ಮಿಲಿವೋಲ್ಟ್ ತಪ್ಪು ಅಲ್ಲೇ ಬಂತು. ಮಲ್ಟಿಮೀಟರ್ ಹಿಡಿದು ಒಂದು ಸಲ ಸರಿಮಾಡಿಕೊಳ್ಳದೆ ಮುಂದೆ ಹೋಗಬೇಡಿ.

ಈ ಲೆಕ್ಕ ಎಲ್ಲಿ ಕೂರಬೇಕು? ಬ್ಯಾಟರಿ ಡ್ರೈವರುಗಳಿಗೆಲ್ಲ ಚೌಕಟ್ಟಾದ ಕರ್ನಲ್‌ನ ಪವರ್ ಸಪ್ಲೈ ಕ್ಲಾಸ್‌ನ ದಾಖಲೆಯಲ್ಲಿ ಇದೇ ಪ್ರಶ್ನೆಗೆ ಉತ್ತರ ಇದೆ. ಹಾರ್ಡ್‌ವೇರ್ ನೇರವಾಗಿ ಅಳೆಯುವುದನ್ನು ಹೊರಗೆ ಕೊಡುವುದಷ್ಟೇ ಡ್ರೈವರ್ ಕೆಲಸ, ಪೂರ್ತಿ ಬ್ಯಾಟರಿ ಮಾಡೆಲ್ ಬಹುಶಃ ಕರ್ನಲ್‌ಗೆ ಸೇರಿದ್ದೇ ಅಲ್ಲ ಅಂತ. ಕಾರಣವೂ ಸರಳ. ಏರುಪೇರಾಗುವ ಅಳತೆಗಳಿಂದ ಒಳ್ಳೆಯ ಅಂದಾಜು ತೆಗೆಯುವ ಕಾಲ್ಮನ್ ಫಿಲ್ಟರಿನಂಥವಕ್ಕೆ ದಶಮಾಂಶದ ಗಣಿತ ಬೇಕು, ಕರ್ನಲ್ ಒಳಗೆ ಫ್ಲೋಟಿಂಗ್ ಪಾಯಿಂಟ್ ಬಳಸಲು ಮನಬಂದಂತೆ ಬಿಡುವುದಿಲ್ಲ. ಹೊರಗಿದ್ದರೆ ಮಾಡೆಲ್ ಬದಲಿಸಲು ರೀಬೂಟ್ ಕೂಡ ಬೇಡ.

ವಿನಾಯಿತಿ ಅಂದೆನಲ್ಲ, ಅದು ವೋಲ್ಟೇಜ್ ಟೇಬಲ್. ಬೋರ್ಡಿನಲ್ಲಿ ಏನೇನಿದೆ ಅಂತ ಕರ್ನಲ್‌ಗೆ ತಿಳಿಸುವ ಡಿವೈಸ್ ಟ್ರೀ ಫೈಲಿನಲ್ಲಿ 'ಸಿಂಪಲ್ ಬ್ಯಾಟರಿ' ನೋಡ್ ಬರೆದು, ಉಷ್ಣಾಂಶಕ್ಕೊಂದು ಟೇಬಲ್ ಕೊಡಬಹುದು. ಒಳಗಿನ ರೆಸಿಸ್ಟೆನ್ಸನ್ನು ಮೈಕ್ರೋ ಓಮ್‌ನಲ್ಲಿ ಹಾಕಿ, 0.15 ಓಮ್ ಅಂದರೆ 150000. ಟೇಬಲ್‌ನ ಎರಡು ಸಾಲುಗಳ ನಡುವಿನ ಬೆಲೆ ಹುಡುಕುವ ಫಂಕ್ಷನ್ ಕರ್ನಲ್‌ನಲ್ಲೇ ಇದೆ, ಪೂರ್ಣಾಂಕದಲ್ಲೇ ಮುಗಿಯುತ್ತದೆ. ಇಷ್ಟು ಡ್ರೈವರ್‌ನಲ್ಲಿದ್ದರೆ ನನ್ನ ತಕರಾರಿಲ್ಲ. ಡಿಸೈನ್ ಕೆಪಾಸಿಟಿ ತುಂಬುವಾಗ ಮಾತ್ರ ಸೆಲ್ ಮೇಲಿನ ಸ್ಟಿಕ್ಕರ್ ನಂಬಬೇಡಿ. 18650 ಸೈಜಿನ ಸೆಲ್ಲಿನಲ್ಲಿ 9900 ಮಿಲಿಆಂಪ್ ಅವರ್ ಅಂತ ಬರೆದಿದ್ದರೆ ಅದು ಶುದ್ಧ ಸುಳ್ಳು.

ಹೊರಗಿನ ಪ್ರೋಗ್ರಾಮಿನಲ್ಲೇ ಕರೆಂಟ್ ಕೂಡಿಸುತ್ತಾ ಹೋಗೋಣ ಅನ್ನುವವರೂ ಇದ್ದಾರೆ. ಬೇಡ. ಬೋರ್ಡ್ ಮಲಗಿದಾಗ ನಿಮ್ಮ ಪ್ರೋಗ್ರಾಮೂ ಮಲಗಿರುತ್ತದೆ. ಜಿಎಸ್‌ಎಂ ಮೋಡೆಮ್ ಇದ್ದರಂತೂ ಅದು ಸುಮಾರು 4.6 ಮಿಲಿಸೆಕೆಂಡಿಗೊಮ್ಮೆ ಅರ್ಧ ಮಿಲಿಸೆಕೆಂಡ್ ಹೊತ್ತು 2 ಆಂಪ್‌ವರೆಗೂ ಎಳೆಯಬಹುದು, 30 ಸೆಕೆಂಡಿಗೊಮ್ಮೆ ಇಣುಕುವ ಪ್ರೋಗ್ರಾಮಿಗೆ ಅದು ಕಾಣುವುದೇ ಇಲ್ಲ. ಗೇಜ್ ಚಿಪ್ಪಿನ ಎಣಿಕೆಯೂ ಜಾರುತ್ತದೆ ಅನ್ನಿ. 10 ಮಿಲಿಆಂಪ್ ತಪ್ಪು ಓದಿದರೆ ದಿನಕ್ಕೆ 240 ಮಿಲಿಆಂಪ್ ಅವರ್, 3000ದ ಸೆಲ್ಲಿನಲ್ಲಿ ಅದು 8 ಪರ್ಸೆಂಟ್. ಅದಕ್ಕೇ ಪೂರ್ತಿ ಚಾರ್ಜ್ ಆದಾಗಲೆಲ್ಲ ಎಣಿಕೆಯನ್ನು ನೂರಕ್ಕೆ ತಂದು ನಿಲ್ಲಿಸಬೇಕು.

ಹೊರಗೆ ಮಾಡಬೇಕಾದದ್ದು ಬೇರೆಯೇ. ಡಿಸ್ಚಾರ್ಜ್ ಆಗುತ್ತಿರುವಾಗ ತೋರಿಸುವ ಪರ್ಸೆಂಟ್ ಮೇಲೇರದಂತೆ ತಡೆಯುವುದು, 'ಇನ್ನೆಷ್ಟು ಹೊತ್ತು' ಹೇಳಲು ಕೆಲವು ನಿಮಿಷಗಳ ಸರಾಸರಿ ಕರೆಂಟ್ ತೆಗೆದುಕೊಳ್ಳುವುದು, ಯಾವಾಗ ಎಚ್ಚರಿಸಬೇಕು ಅಂತ ತೀರ್ಮಾನಿಸುವುದು. ಡೆಸ್ಕ್‌ಟಾಪ್ ಲಿನಕ್ಸಿನಲ್ಲಿ ಯುಪವರ್ ಇಂಥ ಕೆಲಸವನ್ನೇ ಮಾಡುತ್ತದೆ, ಆದ್ದರಿಂದ ಹಿನ್ನೆಲೆಯಲ್ಲಿ ಓಡುವ ನಿಮ್ಮದೇ ಪ್ರೋಗ್ರಾಮ್ (ಡೀಮನ್) ಬರೆಯುವ ಮೊದಲು ಅದನ್ನು ಓಡಿಸಿ ನೋಡಿ. ಕರೆಂಟಿನ ಪ್ಲಸ್ ಮೈನಸ್ ಚಿಹ್ನೆ ನಂಬಿ ಕೋಡ್ ಬರೆಯಬೇಡಿ, ಡ್ರೈವರಿಂದ ಡ್ರೈವರಿಗೆ ಬದಲಾಗುತ್ತದೆ. ಚಾರ್ಜ್ ಆಗುತ್ತಿದೆಯೋ ಡಿಸ್ಚಾರ್ಜ್ ಆಗುತ್ತಿದೆಯೋ ಅಂತ ಡ್ರೈವರ್ ತಿಳಿಸುವ 'ಸ್ಟೇಟಸ್' ಫೈಲ್ ಓದಿ. ತುರ್ತಾಗಿ ಆಫ್ ಮಾಡುವ ನಿರ್ಧಾರಕ್ಕೆ ಪರ್ಸೆಂಟ್ ನೋಡಲೇಬೇಡಿ, ಲೋಡ್ ಇದ್ದಾಗಿನ ಕಚ್ಚಾ ವೋಲ್ಟೇಜ್ ನೋಡಿ. ಬೋರ್ಡ್ ಸಾಯುವುದು ಆ ವೋಲ್ಟೇಜ್ ಬಿದ್ದಾಗ, ನಿಮ್ಮ ಅಂದಾಜು ಸೊನ್ನೆ ಮುಟ್ಟಿದಾಗ ಅಲ್ಲ.

ಪರೀಕ್ಷೆಗೆ ನಿಜವಾದ ಸೆಲ್ ಖಾಲಿಯಾಗುವವರೆಗೆ ಕಾಯಬೇಕಿಲ್ಲ. ಕರ್ನಲ್‌ನಲ್ಲಿ 'ಟೆಸ್ಟ್ ಪವರ್' ಅನ್ನುವ ಮಾಡ್ಯೂಲ್ ಇದೆ, ಲೋಡ್ ಮಾಡಿದರೆ ಒಂದು ನಕಲಿ ಬ್ಯಾಟರಿ ಹುಟ್ಟುತ್ತದೆ, ಅದರ ಪರ್ಸೆಂಟ್, ಸ್ಟೇಟಸ್ ಎಲ್ಲ ಮಾಡ್ಯೂಲ್ ಪ್ಯಾರಾಮೀಟರ್‌ನಲ್ಲಿ ನೀವೇ ಬದಲಿಸಬಹುದು. 30 ಇದ್ದದ್ದನ್ನು ಏಕ್ದಂ 4 ಮಾಡಿ, ತಕ್ಷಣ 28ಕ್ಕೆ ತಂದು, ನಡುವೆ ಸ್ಟೇಟಸ್ ಅನ್ನು 'ಅನ್‌ನೋನ್' ಮಾಡಿ ನೋಡಿ. ನಿಮ್ಮ ಪ್ರೋಗ್ರಾಮ್ ಅಷ್ಟಕ್ಕೇ ಗಾಬರಿಯಾಗಿ ಸಿಸ್ಟಮ್ ಆಫ್ ಮಾಡಿದರೆ ಅದಕ್ಕಿನ್ನೂ ಕೆಲಸ ಬಾಕಿ ಇದೆ.