ಕೊರೆಯುವ ಮೊದಲು ದಾರಿ: ಉತ್ತರ ಒಂಟಾರಿಯೊದ ಜೌಗು ಕಾಡಿನಲ್ಲಿ ನನ್ನ ಅನುಭವ

ಕೆನಡಾದ ಒಂಟಾರಿಯೊ ಪ್ರಾಂತ್ಯದ ಥಂಡರ್ ಬೇ ಪಟ್ಟಣದಿಂದ ಈಶಾನ್ಯಕ್ಕೆ ಸುಮಾರು 500 ಕಿ.ಮೀ. ದೂರದ ರಿಂಗ್ ಆಫ್ ಫೈರ್ ಪ್ರದೇಶದಲ್ಲಿ ಕ್ರೋಮೈಟ್ (ಕ್ರೋಮಿಯಂ ಅದಿರು), ನಿಕಲ್ ಅದಿರಿದೆ. ಇಂಥ ಕಡೆ ಗಣಿ ತೆರೆಯುವ ಎಷ್ಟೋ ವರ್ಷ ಮೊದಲೇ ಸಮೀಕ್ಷೆಯ ಸೀಳುದಾರಿಗಳು, ಅಂದರೆ ಮರ ಕಡಿದು ತೆರೆದ ಕಿರುದಾರಿಗಳು, ಕಾಡಿಗೆ ಪೆಟ್ಟು ಕೊಟ್ಟಿರುತ್ತವೆ. ತೆರೆದ ದಾರಿ ಸಿಕ್ಕರೆ ತೋಳದ ಓಟ ಚುರುಕಾಗುತ್ತದೆ. ಅದು ಬೇಟೆಯಾಡುವ ಕ್ಯಾರಿಬೂ (ಹಿಮಸಾರಂಗ) ವರ್ಷಕ್ಕೆ ಹೆರುವುದು ಒಂದೇ ಮರಿ. ಕೆನಡಾದ 2012ರ ಕ್ಯಾರಿಬೂ ಸಂರಕ್ಷಣಾ ಯೋಜನೆಯ ಪ್ರಕಾರ, ಉಪಗ್ರಹ ಚಿತ್ರದಲ್ಲಿ ಕಾಣುವ ಪ್ರತಿ ದಾರಿಯ ಎರಡೂ ಬದಿ 500 ಮೀಟರ್ ಕೆಟ್ಟ ನೆಲವೆಂದೇ ಲೆಕ್ಕ. ಹಿಂಡಿನ ನೆಲೆಯಲ್ಲಿ ಕನಿಷ್ಠ ಶೇ. 65 ಕೆಡದೆ ಉಳಿಯಬೇಕು.

ಹಾಗಾಗಿ ದಾರಿಯ ಅಗಲವನ್ನು 1.5 ಮೀಟರ್ ಮೀರಿಸುವುದಿಲ್ಲ. ಒಂಟಾರಿಯೊದಲ್ಲಿ ಅದಕ್ಕಿಂತ ಅಗಲವಾದರೆ, ಅಥವಾ ಕೊರೆಯುವ ಯಂತ್ರ 150 ಕೆ.ಜಿ. ಮೀರಿದರೆ, ಪರವಾನಗಿ ಬೇಕು. 200 ಮೀಟರಿಗೊಮ್ಮೆ ದಾರಿಯನ್ನು ಸೊಟ್ಟ ತಿರುಗಿಸಿದರೆ ತೋಳದ ಕಣ್ಣಿಗೂ ಬೇಟೆಗಾರನ ಕಣ್ಣಿಗೂ ದೂರದ ನೋಟ ಸಿಗದು.

ನಕ್ಷೆ ಖಾಲಿ ಇರುವಾಗಲೇ ಅಲ್ಲಿನ ಮೂಲನಿವಾಸಿಗಳ ಊರಿನ ಹಿರಿಯರ ಮುಂದೆ ಹರಡಬೇಕು. ದಾರಿಯ ಗೆರೆ ಎಳೆದು ತಂದರೆ ಮಾತೆಲ್ಲ ಆ ಗೆರೆಯ ಸುತ್ತಲೇ ತಿರುಗುತ್ತದೆ. ಅವರ ಭಾಷೆಗಳಾದ ಕ್ರೀ, ಓಜಿ-ಕ್ರೀ ಬಲ್ಲ ದುಭಾಷಿಗೆ ಸಂಬಳ ಮೊದಲೇ ಗೊತ್ತುಮಾಡಿ. ವಸಂತದ ಹೆಬ್ಬಾತು ಬೇಟೆ, ಶರತ್ಕಾಲದ ಮೂಸ್ (ದೊಡ್ಡ ಜಾತಿಯ ಜಿಂಕೆ) ಬೇಟೆಯ ವಾರಗಳಲ್ಲಿ ಸಭೆ ಬೇಡವೇ ಬೇಡ; ಆಗ ಊರೇ ಕಾಡಿನಲ್ಲಿರುತ್ತದೆ. ಸಮಾಧಿ, ಪೂಜ್ಯ ಸ್ಥಳಗಳನ್ನು ಚುಕ್ಕೆಯಿಟ್ಟು ಹೆಸರು ಬರೆಯಬಾರದು. ಸುತ್ತಲ ದೊಡ್ಡ ಜಾಗವನ್ನು ಹೆಸರಿಲ್ಲದೆ 'ಪ್ರವೇಶವಿಲ್ಲ' ಎಂದು ಗುರುತಿಸಿದರೆ ಸಾಕು. ಮೂಲ ಮಾಹಿತಿ ಊರಿನವರ ಬಳಿಯೇ ಇರಲಿ, ಅದು ಅವರ ಸೊತ್ತು.

ಯಂತ್ರ ಸಾಗಿಸುವುದು ನೆಲ ಹೆಪ್ಪುಗಟ್ಟಿದ ಮೇಲೆಯೇ. ಹಿಮ ಕಂಬಳಿಯಂತೆ ಶಾಖ ಹಿಡಿದಿಡುವುದರಿಂದ ಮೊದಲು ಸ್ನೋಮೊಬೈಲ್ ಓಡಿಸಿ ಅದನ್ನು ತುಳಿಸಬೇಕು. ಆಗ ಚಳಿ ಕೆಳಗಿಳಿಯುತ್ತದೆ. ಕೆರೆ ದಾಟಲು ತಿಳಿ ಮಂಜುಗಡ್ಡೆಯ ದಪ್ಪವನ್ನು ಸೆಂಟಿಮೀಟರಿನಲ್ಲಿ ಅಳೆದು, ಅದರ ವರ್ಗವನ್ನು 4ರಿಂದ ಗುಣಿಸಿದರೆ ತಾಳುವ ಭಾರ ಕೆ.ಜಿ.ಯಲ್ಲಿ ಸಿಗುತ್ತದೆ: 5 ಟನ್ನಿಗೆ ಸುಮಾರು 36 ಸೆಂ.ಮೀ. ಹಿಮ ನೆನೆದು ಹೆಪ್ಪುಗಟ್ಟಿದ ಬಿಳಿ ಮಂಜುಗಡ್ಡೆಗೆ ಅರ್ಧ ದಪ್ಪವೇ ಲೆಕ್ಕ. ನಿಲ್ಲಿಸಿದ ವಾಹನಕ್ಕೆ ಈ ಸೂತ್ರ ಸಲ್ಲದು.

ನೆಲ ಹೆಚ್ಚು ಕೆಡುವುದು ಹಿಮ ಸರಿಸುವ ಯಂತ್ರದ ಬ್ಲೇಡಿನಿಂದ. ಪಾಚಿಯ ದಿಬ್ಬದ ತಲೆ ಹಾರಿಸಿದರೆ ಕೆಳಗಿನ ಹೆಪ್ಪುಗಟ್ಟಿದ ಕಪ್ಪು ಪೀಟ್ (ಅರೆಕೊಳೆತ ಪಾಚಿಯ ಮಣ್ಣು) ಬಿಸಿಲು ಹೀರಿ ಕರಗಿ ಕುಸಿಯುತ್ತದೆ. ಬೇಸಿಗೆಗೆ ದಾರಿಯೇ ಕಾಲುವೆ. ಬ್ಲೇಡು ನೆಲ ಮುಟ್ಟದಂತೆ ಅದರಡಿ ಷೂ (ಜಾರುಪಟ್ಟಿ) ಕಟ್ಟಿ, ಹಿಮದ ಪದರ ಉಳಿಸಿ.

ಕೆಲಸ ಮುಗಿದ ಚಳಿಗಾಲದಲ್ಲೇ ಅಗೆಯುವ ಯಂತ್ರದಿಂದ ಪೀಟ್ ಗುಡ್ಡೆ ಹಾಕಿ ಕಪ್ಪು ಸ್ಪ್ರೂಸ್ (ಸೂಜಿ ಎಲೆಯ ಮರ) ಸಸಿ ನೆಡುತ್ತೇವೆ. ಕರಗಿದಾಗ ಗುಡ್ಡೆ ತಗ್ಗುವುದರಿಂದ ಬೇಕಾದ್ದಕ್ಕಿಂತ ಎತ್ತರಿಸಬೇಕು, ಇಲ್ಲದಿದ್ದರೆ ಬೇರು ನೀರಲ್ಲಿ ಕೊಳೆಯುತ್ತದೆ. ತೋಳದ ಓಟ ತಡೆಯಲು ದಾರಿಗೆ ಅಡ್ಡಲಾಗಿ ಮರ ಕೆಡವುವಾಗ, ಪ್ರಾಣಿಗಳಿಗೆ ಬಲೆ ಹಾಕುವವರ ಹಳೆ ಹಾದಿಯನ್ನು ಮಾತ್ರ ತೆರೆದಿಡಿ. ಎಲ್ಲಿ ಎಂಬುದನ್ನು ಅವರೇ ತೋರಿಸುತ್ತಾರೆ.