ಐಆರ್‌ಎಸ್‌ಗೆ ದೂರು ಕೊಟ್ಟರೆ ನಿಮ್ಮ ಹೆಸರು ಎಷ್ಟು ಭದ್ರ?

ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ನಿಂತಿದ್ದಾಗ ಪರಿಚಯದ ಹುಡುಗಿಯೊಬ್ಬಳು ಪಕ್ಕಕ್ಕೆ ಕರೆದಳು. ಚಿಕ್ಕದೊಂದು ಕನ್ಸಲ್ಟಿಂಗ್ ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸ, ಎಚ್-1ಬಿ ವೀಸಾ. "ಅಂಕಲ್, ನಮ್ಮಲ್ಲಿ ಎಲ್ಲರ ಸಂಬಳದಿಂದ ಟ್ಯಾಕ್ಸ್ ಹಿಡೀತಾರೆ, ಆದ್ರೆ ಸರ್ಕಾರಕ್ಕೆ ಕಟ್ತಾನೇ ಇಲ್ಲ. ಐಆರ್‌ಎಸ್‌ಗೆ ಹೇಳಿದ್ರೆ ನನ್ನ ಹೆಸರು ಹೊರಗೆ ಬರುತ್ತಾ?"

ಐಆರ್‌ಎಸ್ ಅಂದರೆ ಅಮೆರಿಕದ ತೆರಿಗೆ ಇಲಾಖೆ. ಇಲ್ಲಿ ಈ ಪ್ರಶ್ನೆಗೆ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳುವುದಕ್ಕಾಗುವುದಿಲ್ಲ. ಇಲ್ಲಿ ಗುಟ್ಟು ಬೇರೆ, ರಕ್ಷಣೆ ಬೇರೆ. ನಮ್ಮವರು ಎರಡನ್ನೂ ಒಂದೇ ಅಂದುಕೊಂಡು ಸಿಕ್ಕಿಹಾಕಿಕೊಳ್ಳುತ್ತಾರೆ.

ಮೊದಲು ದೂರು ಕೊಡುವ ದಾರಿ. ಫಾರಂ 3949-ಎ ತುಂಬಿದರೆ ಹೆಸರು ಬರೆಯಬೇಕಾಗಿಲ್ಲ, ಬಹುಮಾನವೂ ಇಲ್ಲ. ಬಹುಮಾನ ಬೇಕೆಂದರೆ ಫಾರಂ 211. ಅದಕ್ಕೆ ಹೆಸರು ಕೊಡಬೇಕು, ಸುಳ್ಳು ಹೇಳಿದರೆ ಶಿಕ್ಷೆಗೆ ಒಳಪಡುತ್ತೇನೆಂದು ಒಪ್ಪಿ ಸಹಿ ಹಾಕಬೇಕು. 2006ರ ಕಾನೂನಿನಲ್ಲಿ ಇದಕ್ಕೆಂದೇ ಐಆರ್‌ಎಸ್‌ನಲ್ಲಿ ವಿಸಲ್‌ಬ್ಲೋವರ್ (ಅಕ್ರಮ ಬಯಲು ಮಾಡುವವರ) ಕಚೇರಿ ಹುಟ್ಟಿತು. ತೆರಿಗೆ, ಬಡ್ಡಿ, ದಂಡ ಸೇರಿ ವಿವಾದದ ಮೊತ್ತ 20 ಲಕ್ಷ ಡಾಲರ್ ದಾಟಿದರೆ, ವಸೂಲಾದದ್ದರಲ್ಲಿ ಶೇ. 15ರಿಂದ 30ರಷ್ಟು ಮಾಹಿತಿ ಕೊಟ್ಟವರಿಗೆ. ತಪ್ಪಿಸಿದವರು ಕಂಪನಿಯಲ್ಲದೆ ವ್ಯಕ್ತಿಯಾಗಿದ್ದರೆ ಅವರ ವಾರ್ಷಿಕ ಆದಾಯ ಯಾವುದಾದರೂ ಒಂದು ವರ್ಷ 2 ಲಕ್ಷ ಡಾಲರ್ ಮೀರಿರಬೇಕು. ಅದಕ್ಕಿಂತ ಸಣ್ಣ ಪ್ರಕರಣಗಳಲ್ಲಿ ಕೊಟ್ಟರೆ ಕೊಟ್ಟರು, ಬಿಟ್ಟರೆ ಬಿಟ್ಟರು. ಹಣ ಕೈಗೆ ಬರುವುದು ತನಿಖೆ, ಮೇಲ್ಮನವಿ, ವಸೂಲಿ ಎಲ್ಲ ಮುಗಿದ ಮೇಲೆ, ಅಂದರೆ ವರ್ಷಗಟ್ಟಲೆ ಕಾದ ಮೇಲೆ. ಬಂದ ಬಹುಮಾನಕ್ಕೂ ತೆರಿಗೆ ಕಟ್ಟಬೇಕು! ಅದನ್ನು ನಂಬಿ ಮನೆ ಸಾಲ ಮಾಡಬೇಡಿ.

ಇನ್ನು ಹೆಸರಿನ ವಿಚಾರ. ನೀವು ದೂರು ಕೊಟ್ಟಿದ್ದೀರಿ ಎಂಬುದನ್ನು ಐಆರ್‌ಎಸ್ ನಿಮ್ಮ ಮಾಲೀಕರಿಗೆ ಹೇಳುವುದಿಲ್ಲ. ಲೆಕ್ಕ ತಪಾಸಣೆಗೆ ಬಂದ ಅಧಿಕಾರಿ "ನಮಗೊಂದು ದೂರು ಬಂದಿದೆ" ಎಂದೂ ಅನ್ನುವುದಿಲ್ಲ. ಆದರೆ ಪ್ರಕರಣ ಕೋರ್ಟಿಗೆ ಹೋಗಿ, ನಿಮ್ಮ ಸಾಕ್ಷಿಯಿಲ್ಲದೆ ಅದು ನಿಲ್ಲುವುದೇ ಇಲ್ಲ ಎಂದಾದರೆ ಹೆಸರು ಹೊರಬರಬಹುದು. ಅಂಥ ಹೊತ್ತಿನಲ್ಲಿ ಮೊದಲು ನಿಮಗೆ ತಿಳಿಸಲು ಪ್ರಯತ್ನಿಸುತ್ತೇವೆ ಎನ್ನುತ್ತಾರೆ. ಪ್ರಯತ್ನಿಸುತ್ತೇವೆ ಅಂದರೆ ಮಾತು ಕೊಟ್ಟಂತಲ್ಲ. ಬಹುಮಾನದ ತೀರ್ಮಾನ ಒಪ್ಪಿಗೆಯಾಗದೆ 30 ದಿನದೊಳಗೆ ಟ್ಯಾಕ್ಸ್ ಕೋರ್ಟಿಗೆ ಹೋದರೆ, ಹೆಸರು ಮುಚ್ಚಿಡಿ ಎಂದು ಅಲ್ಲಿ ನೀವೇ ಕೇಳಿಕೊಳ್ಳಬೇಕು. ಕೇಳಿದವರಿಗೆಲ್ಲ ಅದು ಸಿಗುವುದಿಲ್ಲ.

ಕಾನೂನು ಎಷ್ಟೇ ಬಿಗಿಯಿರಲಿ, ಹನ್ನೆರಡು ಜನರ ಕಂಪನಿಯಲ್ಲಿ ಆ ಲೆಕ್ಕದ ಪುಸ್ತಕ ನೋಡುವವರು ಇಬ್ಬರೇ ಆಗಿದ್ದರೆ ಮಾಹಿತಿಯೇ ಬೊಟ್ಟು ಮಾಡಿ ತೋರಿಸುತ್ತದೆ. "ಇದನ್ನು ನೋಡೋರು ಎಷ್ಟು ಜನ?" ಎಂದು ಅವಳನ್ನು ಕೇಳಿದೆ. "ನಾನು, ಓನರ್ ತಮ್ಮ" ಅಂದಳು. ಅಲ್ಲಿಗೆ ಗುಟ್ಟಿನ ಕಥೆ ಮುಗಿಯಿತು. ಜೊತೆಗೆ ನಮ್ಮ ಸಮಾಜ ಬೇರೆ: ಮಾಲೀಕರ ಮನೆಯ ಸತ್ಯನಾರಾಯಣ ಪೂಜೆಗೂ ನಾವೇ, ಕೂಟದ ಚುನಾವಣೆಗೂ ನಾವೇ. ಆಪ್ತರೊಬ್ಬರಿಗೆ ಹೇಳಿದ್ದು ವಾರ ಕಳೆಯುವುದರೊಳಗೆ ವಾಟ್ಸ್ಆ್ಯಪ್ ಗುಂಪಿನಲ್ಲಿರುತ್ತದೆ.

ಗುಟ್ಟು ಒಡೆದಲ್ಲಿ ರಕ್ಷಣೆ ಶುರುವಾಗುತ್ತದೆ. 2019ರ ಜುಲೈ 1ರಂದು ಜಾರಿಯಾದ ಟ್ಯಾಕ್ಸ್‌ಪೇಯರ್ ಫಸ್ಟ್ ಆ್ಯಕ್ಟ್ ಬರುವ ತನಕ ತೆರಿಗೆ ದೂರುದಾರರಿಗೆ ಸೇಡಿನ ವಿರುದ್ಧ ಹೀಗೊಂದು ಫೆಡರಲ್ ಕಾನೂನು ಇರಲಿಲ್ಲ. ಈಗ ಕೆಲಸದಿಂದ ತೆಗೆದರೆ, ಹುದ್ದೆ ಇಳಿಸಿದರೆ, ಬೆದರಿಸಿದರೆ, ಕಾರ್ಮಿಕ ಇಲಾಖೆಯ ಕೆಳಗಿರುವ ಓಶಾ (OSHA) ಎಂಬ ಸಂಸ್ಥೆಗೆ 180 ದಿನದೊಳಗೆ ದೂರು ಕೊಡಬಹುದು. ಅಲ್ಲಿ 180 ದಿನವಾದರೂ ಅಂತಿಮ ತೀರ್ಮಾನ ಬರದಿದ್ದರೆ ಫೆಡರಲ್ ಕೋರ್ಟಿಗೆ ಹೋಗಬಹುದು. ಗೆದ್ದರೆ ಕೆಲಸ ವಾಪಸ್, ಕೈತಪ್ಪಿದ ಸಂಬಳದ ಎರಡು ಪಟ್ಟು, ವಕೀಲರ ಖರ್ಚು. ಐಆರ್‌ಎಸ್‌ಗೇ ಹೇಳಿರಬೇಕೆಂದೂ ಇಲ್ಲ, ನಿಮ್ಮ ಮೇಲಧಿಕಾರಿಗೆ ಹೇಳಿದ್ದರೂ ಸಾಕು. ಸೇರುವಾಗ ಕಣ್ಣುಮುಚ್ಚಿ ಸಹಿ ಹಾಕಿದ ಕರಾರಿನಲ್ಲಿ "ಜಗಳವೆಲ್ಲ ಮಧ್ಯಸ್ಥರ ಪಂಚಾಯ್ತಿಯಲ್ಲೇ, ಕೋರ್ಟಿಗೆ ಹೋಗುವಂತಿಲ್ಲ" ಎಂದು ಬರೆದಿದ್ದರೂ ಈ ವಿಷಯದಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ.

ಆದರೆ ಓಶಾಗೆ ದೂರು ಕೊಟ್ಟ ಕೂಡಲೇ ನಿಮ್ಮ ಹೆಸರು ಸಮೇತ ಮಾಲೀಕರಿಗೆ ನೋಟಿಸ್ ಹೋಗುತ್ತದೆ. ನೀವು ಬಾಯಿಬಿಟ್ಟದ್ದು ಅವರಿಗೆ ಗೊತ್ತಿತ್ತು, ಇಲ್ಲವೇ ಅನುಮಾನವಿತ್ತು ಎಂದು ತೋರಿಸಬೇಕಾದವರೂ ನೀವೇ. ಹೆಸರು ಹಾಕದೆ 3949-ಎ ಕಳಿಸಿ ಸುಮ್ಮನಿದ್ದವರಿಗೆ ಇದೇ ತೊಡಕು.

ಎಚ್-1ಬಿಯವರಿಗೆ ಇನ್ನೊಂದು ಸಂಕಟ. ಕೆಲಸ ಹೋದರೆ ಹೊಸ ಕೆಲಸ ಹುಡುಕಿಕೊಳ್ಳಲು ಹೆಚ್ಚೆಂದರೆ 60 ದಿನ. ಓಶಾದ ಗಡಿಯಾರ ಅಷ್ಟು ವೇಗವಾಗಿ ಓಡುವುದಿಲ್ಲ. ಕಾಗದದ ಮೇಲೆ ಎರಡು ಪಟ್ಟು ಸಂಬಳ ಗೆಲ್ಲುವ ಹೊತ್ತಿಗೆ ನೀವು ಬೆಂಗಳೂರಿನಲ್ಲಿರಬಹುದು. ಆದ್ದರಿಂದ ನನ್ನ ಸಲಹೆ: ದೂರಿಗೆ ಮುಂಚೆಯೇ ಬೇರೆ ಕೆಲಸ ನೋಡಲು ಶುರುಮಾಡಿ. ಇದು ಹೇಡಿತನವಲ್ಲ.

ದೂರು ಕೊಟ್ಟರೆ ನಮ್ಮ ತಪ್ಪು ಮನ್ನಾ ಆಗುತ್ತದೆ ಎಂಬುದೂ ಸುಳ್ಳು. ಸ್ವಿಸ್ ಬ್ಯಾಂಕ್ ಯುಬಿಎಸ್‌ನ ಗುಟ್ಟು ರಟ್ಟು ಮಾಡಿದ ಬ್ರಾಡ್ಲಿ ಬರ್ಕನ್‌ಫೆಲ್ಡ್‌ಗೆ 2012ರಲ್ಲಿ 10.4 ಕೋಟಿ ಡಾಲರ್ ಬಹುಮಾನ ಬಂತು. ಅದಕ್ಕೆ ಮುಂಚೆ ಅವರಿಗೆ 40 ತಿಂಗಳ ಜೈಲು ಶಿಕ್ಷೆಯಾಗಿತ್ತು. ತಾವೇ ನೋಡಿಕೊಳ್ಳುತ್ತಿದ್ದ ದೊಡ್ಡ ಗಿರಾಕಿಯ ವಿಷಯ ಮುಚ್ಚಿಟ್ಟರು ಎಂಬುದು ಸರ್ಕಾರಿ ವಕೀಲರ ಆರೋಪ. ನಮ್ಮ ಹುಡುಗಿಯಂಥವರಿಗೂ ಇಲ್ಲೊಂದು ಬಲೆಯಿದೆ. ಸಂಬಳದಿಂದ ಹಿಡಿದ ತೆರಿಗೆ ಸರ್ಕಾರದ ದುಡ್ಡು. ಯಾರಿಗೆ ಕಟ್ಟಬೇಕು, ಯಾರಿಗೆ ಬಿಡಬೇಕು ಎಂದು ನಿರ್ಧರಿಸುವ ಅಧಿಕಾರವಿದ್ದು, ಗೊತ್ತಿದ್ದೂ ಬೇರೆಯವರಿಗೆ ಚೆಕ್ ಬರೆದರೆ, ಆ ಬಾಕಿಯನ್ನು ಐಆರ್‌ಎಸ್ ನಿಮ್ಮ ಸ್ವಂತ ಜೇಬಿನಿಂದಲೂ ವಸೂಲು ಮಾಡಬಹುದು.

ಉಳಿದ ನೌಕರರಿಗೆ ಒಂದು ಸಮಾಧಾನ. ನಿಮ್ಮ ಸಂಬಳದಿಂದ ತೆರಿಗೆ ಹಿಡಿದದ್ದಕ್ಕೆ ಪುರಾವೆಯಿದ್ದರೆ, ಮಾಲೀಕರು ಅದನ್ನು ಕಟ್ಟದಿದ್ದರೂ ನಿಮ್ಮ ಲೆಕ್ಕಕ್ಕೆ ಜಮಾ ಸಿಗುತ್ತದೆ. ವರ್ಷದ ಸಂಬಳ, ಹಿಡಿದ ತೆರಿಗೆ ತೋರಿಸುವ ಡಬ್ಲ್ಯು-2 ಪತ್ರ ಕೊಡದೆ ಸತಾಯಿಸಿದರೆ ಅದರ ಬದಲಿಗೆ ಫಾರಂ 4852 ಇದೆ. ಹಾಗಾಗಿ ಪ್ರತಿ ಪೇ ಸ್ಟಬ್ (ಸಂಬಳದ ಚೀಟಿ) ಮನೆಯಲ್ಲಿ ಇಟ್ಟುಕೊಳ್ಳಿ. ನಿಮಗೆ ನೋಡಲು ಹಕ್ಕಿಲ್ಲದ ಕಡತಗಳನ್ನು, ಅದರಲ್ಲೂ ಕಂಪನಿಯ ವಕೀಲರ ಇಮೇಲ್‌ಗಳನ್ನು ಮುಟ್ಟಬೇಡಿ. ಅವು ನಿಮ್ಮ ದೂರಿಗೇ ಮುಳುವಾಗುತ್ತವೆ.

ಆ ಹುಡುಗಿ ಎರಡು ವಾರದ ಮೇಲೆ ಇದೇ ಕೆಲಸ ಮಾಡುವ ವಕೀಲರೊಬ್ಬರನ್ನು ಕಂಡಳು. ಫಾರಂ ವಿಷಯ, ಬಹುಮಾನದ ವಿಷಯ ಅವರು ಆಮೇಲೆ ಎತ್ತಿದರಂತೆ. ಮೊದಲು ಕೇಳಿದ್ದು, "ಕಂಪನಿಯ ಚೆಕ್ ಮೇಲೆ ನಿನ್ನ ಸಹಿ ಇದೆಯಾ?"